ಹುಟ್ಟು ಹಿಡಿಯುವ ಮೊದಲು



ಶನಿವಾರ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಗಾಡಿ ಹತ್ತಿ ನಮ್ಮ ಗಣೇಶಗುಡಿಯ ಕಡೆ ಬರುತ್ತೀರಿ. ಕಾಳಿಹೊಳೆಯ ದಡದಲ್ಲಿ ಬಣ್ಣಬಣ್ಣದ ಕಯಾಕ್‌ಗಳ ಸಾಲು, ಸುತ್ತ ನಿಮ್ಮ ನಗು, ಗದ್ದಲ. ನೋಡಲು ಸಂತೋಷವೇ. ಹೊಳೆಗೆ ಇಳಿಯಬೇಡಿ ಎಂದು ಬುದ್ಧಿ ಹೇಳಲು ನಾನು ಕೂತಿಲ್ಲ. ನೀರಿಗಿಳಿಯದೆ ಈಜು ಬಾರದು, ಹೊಳೆಯ ಮೇಲೆ ಪ್ರೀತಿಯೂ ಹುಟ್ಟದು. ಇಳಿಯಿರಿ. ಇಳಿಯುವ ಮುಂಚೆ ಒಂದು ಮಾತು ಕಿವಿಗೆ ಹಾಕಿಕೊಳ್ಳಿ: ಹೊಳೆಯಲ್ಲಿ ಜೀವ ಉಳಿಸುವ ತೀರ್ಮಾನಗಳು ಬಹುಪಾಲು ದಡದ ಮೇಲೇ ಆಗುತ್ತವೆ. ತೋಳಿನ ಬಲದ ಪಾಳಿ ಆಮೇಲೆ. ಮೊದಲು ಬೇಕಾದದ್ದು ನೀರನ್ನು ಓದುವ ಕಣ್ಣು, ಊರವರ ಮಾತು ಕೇಳುವ ಕಿವಿ, ಬೇಡವೆನಿಸಿದರೆ ದೋಣಿಯನ್ನು ಹೆಗಲಿಗೇರಿಸಿ ದಡದ ಮೇಲೆ ನಡೆದುಬಿಡುವ ಧೈರ್ಯ.

"ನಮಗೆ ಈಜು ಬರುತ್ತೆ ಅಂಕಲ್" ಎನ್ನುತ್ತೀರಿ. ಒಳ್ಳೆಯದೇ. ಆದರೆ ಈಜುಕೊಳದ ನೀರು ನಿಂತ ನೀರು, ಹೊಳೆಯದು ನಡೆಯುವ ನೀರು. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. ಅದರ ವೇಗ ಎರಡರಷ್ಟಾದರೆ ನಿಮ್ಮನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಬೆಳಿಗ್ಗೆ ಮೊಣಕಾಲುದ್ದದ ನೀರಲ್ಲಿ ಆರಾಮಾಗಿ ದಾಟಿದ ಜಾಗದಲ್ಲಿ ಮಧ್ಯಾಹ್ನ ಗಟ್ಟಿ ಆಳೂ ನಿಲ್ಲಲಾರ ಎಂಬುದರ ಗುಟ್ಟು ಈ ಲೆಕ್ಕದಲ್ಲಿದೆ. ಸಮುದ್ರದ ಅಲೆ ಹೊಡೆದು ಹಿಂದೆ ಸರಿಯುತ್ತದೆ, ಉಸಿರು ತೆಗೆದುಕೊಳ್ಳಲು ಎಡೆ ಕೊಡುತ್ತದೆ. ಹೊಳೆ ಹಾಗಲ್ಲ. ನಿಮ್ಮನ್ನು ಬಂಡೆಗೆ ಒತ್ತಿತೆಂದರೆ ಒತ್ತುತ್ತಲೇ ಇರುತ್ತದೆ.

ಕಾಳಿಯಂಥ ಹೊಳೆಗೆ ಇನ್ನೊಂದು ಸ್ವಭಾವವಿದೆ, ಅದನ್ನು ಮೊದಲು ತಿಳಿಯಿರಿ. ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಈ ಹೊಳೆಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳು. ಸೂಪಾ ಅಣೆಕಟ್ಟಿನ ಎತ್ತರವೇ 101 ಮೀಟರ್. ಅದರ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಅವು ತಿರುಗಿದರೆ ಗಣೇಶಗುಡಿಯ ಕೆಳಗೆ ನೀರು, ನಿಂತರೆ ಬರೀ ಬಂಡೆ. ಹಾಗಾಗಿ ಇಲ್ಲಿ ನೀರು ಏರಬೇಕಾದರೆ ಮಳೆಯೇ ಬೇಕೆಂದಿಲ್ಲ. ಎಲ್ಲೋ ದೂರದ ಪಟ್ಟಣಕ್ಕೆ ಕರೆಂಟು ಬೇಕಾದರೆ ಸಾಕು. ಸುಡುಬಿಸಿಲಲ್ಲೂ ಹೊಳೆ ಏರುತ್ತದೆ. ರಾಫ್ಟ್‌ನವರಿಗೆ ಇಷ್ಟವಾದ ಕುಣಿಯುವ ನೀರು ಸಿಗುವುದು ಇದರಿಂದಲೇ; ಹಾಸುಗಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದವರಿಗೆ ಅಪಾಯ ಬರುವುದೂ ಇದರಿಂದಲೇ.

ಇದು ಬಾಯಿಮಾತಿನ ಹೆದರಿಕೆಯಲ್ಲ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದಲ್ಲಿ, ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲೆ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಆ ಮಕ್ಕಳು ಈಜಲು ಹೋಗಿರಲಿಲ್ಲ, ದೋಣಿಯಲ್ಲೂ ಇರಲಿಲ್ಲ. ನೀರು ಏರುತ್ತಿದೆ ಎಂದು ಅರಿವಾಗುವಷ್ಟರಲ್ಲಿ ದಡಕ್ಕೂ ಅವರಿಗೂ ನಡುವೆ ಹೊಳೆ ಹರಿಯುತ್ತಿತ್ತು. ನಿಮ್ಮದೇ ವಯಸ್ಸಿನವರು.

ಆದ್ದರಿಂದ ಅಣೆಕಟ್ಟಿನ ಕೆಳಗಿನ ಯಾವ ಹೊಳೆಗೆ ಹೋದರೂ, ಇಂದು ನೀರು ಯಾವಾಗ ಬಿಡುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ ಎಂದು ಅಲ್ಲಿನ ಗೈಡುಗಳನ್ನು, ಮೀನು ಹಿಡಿಯುವವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಸೈರನ್ ಕೇಳಿದರೆ ಚೀಲ, ಚಪ್ಪಲಿ ಎಂದು ತಡಕಾಡದೆ ಎದ್ದು ದಡ ಹತ್ತಿ. ಸೈರನ್ ಕೇಳಿಸದಿದ್ದರೂ ನೀರೇ ಸುಳಿವು ಕೊಡುತ್ತದೆ: ತಿಳಿನೀರು ಕದಡುತ್ತದೆ, ದಡದ ಒಣ ಎಲೆ, ಕಡ್ಡಿ, ನೊರೆ ತೇಲಿ ಬರಲು ಶುರುವಾಗುತ್ತದೆ, ಹೊಳೆಯ ಸದ್ದು ದಪ್ಪವಾಗುತ್ತದೆ, ಸ್ವಲ್ಪ ಹೊತ್ತಿನ ಹಿಂದೆ ಒಣಗಿದ್ದ ಕಲ್ಲಿನ ಅಂಚು ಒದ್ದೆಯಾಗುತ್ತದೆ. ಇದರಲ್ಲಿ ಒಂದೇ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ಹೊಳೆ ನಡುವಿನ ಮರಳದಿಬ್ಬದಲ್ಲಿ ರಾತ್ರಿ ಟೆಂಟ್ ಹಾಕುವ ಆಸೆಯಂತೂ ಬಿಟ್ಟೇಬಿಡಿ.

ಮಳೆಗಾಲದ ಮಾತು ಬೇರೆ. ಘಟ್ಟದ ಮೇಲೆ ಸುರಿದ ಮಳೆ ಕೆಳಗೆ ನಿಮಗೆ ಕಾಣುವುದಿಲ್ಲ. ನಿಮ್ಮ ನೆತ್ತಿಯ ಮೇಲೆ ಬಿಸಿಲಿರುವಾಗಲೇ ಕೆಂಪು ನೆರೆ ಇಳಿದು ಬರುತ್ತದೆ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟ ದಿನ ಹಂಪಿಯ ಹರಿಗೋಲುಗಳು ಕವುಚಿ ದಡದಲ್ಲಿರುತ್ತವೆ. ಅದೇ ನೀರಿನಲ್ಲಿ ಅನ್ನ ದುಡಿಯುವ ಅಂಬಿಗರೇ ಹುಟ್ಟು ಕೆಳಗಿಟ್ಟ ದಿನ ವಾರಾಂತ್ಯಕ್ಕೆ ಬಂದ ನೀವು ಇಳಿಯುವುದರಲ್ಲಿ ಶೌರ್ಯವೇನೂ ಇಲ್ಲ.

ಈಗ ದೋಣಿ ನೀರಿಗಿಳಿಯಿತು ಎಂದುಕೊಳ್ಳೋಣ. ಹೊಸಬರು ಅಬ್ಬರದ ಬಿಳಿನೀರಿಗೆ ಹೆದರುತ್ತಾರೆ. ನಾನು ಹೆದರುವುದು ಸದ್ದಿಲ್ಲದೆ ದಡಕ್ಕೆ ಬಾಗಿ ಬಿದ್ದ ಮರಕ್ಕೆ. ಹೊಳೆ ತಿರುಗುವಲ್ಲಿ ಹೊರಮಗ್ಗುಲಿಗೆ ಸೆಳೆತ ಹೆಚ್ಚು. ಮಣ್ಣು ಕೊರೆದು ಹೊಳೆಮತ್ತಿಯೋ ಬಿದಿರುಮೆಳೆಯೋ ಮಗುಚುವುದೂ ಅಲ್ಲೇ, ಸೆಳೆತ ನಿಮ್ಮ ದೋಣಿಯನ್ನು ಒಯ್ಯುವುದೂ ಅಲ್ಲಿಗೇ. ಚಹಾ ಸೋಸುವ ಜಾಲರಿಯನ್ನು ನೆನೆಸಿಕೊಳ್ಳಿ: ಚಹಾ ಇಳಿದುಹೋಗುತ್ತದೆ, ಪುಡಿ ಉಳಿಯುತ್ತದೆ. ಆ ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ದೋಣಿಯೂ ನೀವೂ ಸಿಕ್ಕಿಕೊಳ್ಳುತ್ತೀರಿ, ಹಿಂದಿನಿಂದ ಇಡೀ ಹೊಳೆ ಒತ್ತುತ್ತದೆ. ಮೀನಿನ ಬಲೆ, ಮುರಿದ ಸೇತುವೆಯ ಸರಳು, ತಂತಿಬೇಲಿ ಎಲ್ಲವೂ ಇದೇ ಜಾತಿ. ಕಳೆದ ವರ್ಷ ಖಾಲಿಯಿದ್ದ ತಿರುವಿನಲ್ಲಿ ಈ ಮಳೆಗಾಲ ಹೊಸ ಮರ ಬಿದ್ದಿರಬಹುದು. ಪರಿಚಯದ ಹೊಳೆಯೇ ಆದರೂ ಮಳೆಗಾಲ ಮುಗಿದ ಮೇಲಿನ ಮೊದಲ ಇಳಿತಕ್ಕೆ ಹೊಸ ಹೊಳೆಗೆ ಇಳಿಯುವವರ ಹಾಗೆಯೇ ಇಳಿಯಿರಿ. ತಿರುವಿನ ಆಚೆ ಏನಿದೆ ಎಂದು ಕಾಣದಿದ್ದರೆ ದೋಣಿಯನ್ನು ಒಳಮಗ್ಗುಲಿನ ದಡಕ್ಕೆ ಹಚ್ಚಿ, ನಡೆದು ಹೋಗಿ ನೋಡಿ ಬನ್ನಿ.

ನೀರಿಗೆ ಬಿದ್ದು ಅಂಥ ಮರದ ಕಡೆಗೇ ಸಾಗುತ್ತಿದ್ದರೆ ಮೊದಲು ಪಕ್ಕಕ್ಕೆ ಜೋರಾಗಿ ಈಜಿ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ ಎನಿಸಿದರೆ ಕಾಲು ಮುಂದೆ ಮಾಡಿಕೊಂಡು ಹೋಗಬೇಡಿ. ಕಾಲು ಕೊಂಬೆಗಳ ಅಡಿಗೆ ತೂರಿದರೆ ಮೈಯೂ ಹಿಂದೆಯೇ ತೂರುತ್ತದೆ. ಹೊಟ್ಟೆಯ ಮೇಲೆ ಮಗುಚಿ, ತಲೆ ಮುಂದಾಗಿ, ಮರದ ಕಡೆಗೇ ರಭಸದಿಂದ ಈಜಿ, ಕಾಲು ಬಡಿದು ಎದೆಯನ್ನು ಕಾಂಡದ ಮೇಲಕ್ಕೆ ಎಸೆಯಬೇಕು. ಮನಸ್ಸು ಒಪ್ಪದ ಕೆಲಸ ಇದು. ಆದ್ದರಿಂದಲೇ ತಿಳಿದವರ ಎದುರು, ಸುರಕ್ಷಿತ ಜಾಗದಲ್ಲಿ ಮೊದಲೇ ಕಲಿತಿರಬೇಕು.

ಎರಡನೆಯ ಮೋಸಗಾರ ಮನುಷ್ಯ ಕಟ್ಟಿದ ತಗ್ಗು ಒಡ್ಡು. ಕರಾವಳಿಯ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟುಗಳಿವೆ, ತುಂಗಭದ್ರೆಯಲ್ಲಿ ವಿಜಯನಗರದ ಕಾಲದ ಅಣೆಗಳೇ ಇನ್ನೂ ಗದ್ದೆಗೆ ನೀರು ಹಾಯಿಸುತ್ತಿವೆ. ಒಡ್ಡು ಎಷ್ಟೋ ಕಡೆ ಆಳುದ್ದವೂ ಇರುವುದಿಲ್ಲ, ಇಷ್ಟೇ ತಾನೇ ಎನಿಸುತ್ತದೆ. ಅದರ ಕೆಳಗೆ ನಡೆಯುವುದು ಇಷ್ಟು: ಮೇಲಿಂದ ಧುಮುಕಿದ ನೀರು ನೇರ ತಳಕ್ಕೆ ಹೋಗಿ, ಸ್ವಲ್ಪ ಕೆಳಗೆ ಮೇಲೆದ್ದು, ಮೇಲ್ಪದರದಲ್ಲಿ ಮತ್ತೆ ಗೋಡೆಯ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕ ಕಟ್ಟಿಗೆ, ದೋಣಿ, ಮನುಷ್ಯ ಎಲ್ಲವೂ ಮುಳುಗಿ ಎದ್ದು ಮುಳುಗಿ ಎದ್ದು ಅಲ್ಲೇ ಸುತ್ತುತ್ತವೆ. ನೀರಲ್ಲಿ ಗಾಳಿ ಬೆರೆತು ನೊರೆಯಾಗಿರುವುದರಿಂದ ಲೈಫ್ ಜಾಕೆಟ್ ಕೂಡ ಎಂದಿನಷ್ಟು ಎತ್ತಿಹಿಡಿಯುವುದಿಲ್ಲ. ನೈಸರ್ಗಿಕ ಬಂಡೆಗಳ ನಡುವಿನ ಸುಳಿಗೆ ಎಲ್ಲಾದರೂ ಒಂದು ಬಾಯಿ ತೆರೆದಿರುತ್ತದೆ. ದಡದಿಂದ ದಡಕ್ಕೆ ನೆಟ್ಟಗೆ ಕಟ್ಟಿದ ಗೋಡೆಗೆ ಅದೂ ಇಲ್ಲ. ಒಳಗೆ ಸಿಕ್ಕವರಿಗೆ ಹೇಳಿಕೊಡಬಹುದಾದ ಉಪಾಯ ಬಹಳ ಕಡಿಮೆ. ಕಾಪಾಡಲು ಹೋದವರೂ ಅದೇ ಸುತ್ತಿಗೆ ಸಿಗುತ್ತಾರೆ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಿದ್ದರೂ ಕಿಂಡಿಯ ಒಳಗಿಂದ ನುಗ್ಗುವ ಸಾಹಸ ಬೇಡ; ಕಂಬಕ್ಕೆ ಅಡ್ಡ ಸಿಕ್ಕ ದೋಣಿಯನ್ನು ಸೆಳೆತ ಮಡಚಿಬಿಡುತ್ತದೆ.

ಮೇಲಿನಿಂದ ಬರುವವರಿಗೆ ಒಡ್ಡು ಕಾಣುವುದೇ ಇಲ್ಲ ಎಂಬುದು ಇನ್ನೂ ಕೆಟ್ಟದ್ದು. ನೀರು ಅಸಹಜವಾಗಿ ಶಾಂತವಾಗಿದ್ದು, ಮುಂದೆ ಹೊಳೆಗೆ ಅಡ್ಡಲಾಗಿ ಗೆರೆ ಎಳೆದಂತೆ ಕಂಡು, ಆ ಗೆರೆಯ ಆಚೆ ಮರಗಳ ನೆತ್ತಿ ಮಾತ್ರ ತೋರಿದರೆ ಹುಟ್ಟು ತಿರುಗಿಸಿ ತಕ್ಷಣ ದಡ ಸೇರಿ. ದೋಣಿ ಹೊತ್ತು ಬಳಸಿ ನಡೆಯಿರಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಇನ್ನು ಬಂಡೆಗಳು. ನೀರು ಬಂಡೆಗೆ ಬಡಿದು ದಿಂಡಾಗಿ ಎದ್ದು ಹಿಂದೆ ಚಿಮ್ಮುತ್ತಿದ್ದರೆ ಆ ಬಂಡೆ ಎದುರಿನಿಂದ ಗಟ್ಟಿ. ದೋಣಿಯನ್ನೂ ಆ ದಿಂಡು ಸ್ವಲ್ಪ ಆಚೆ ತಳ್ಳುತ್ತದೆ. ಸೆಳೆತ ನೇರ ಬಂಡೆಯತ್ತ ಹೋಗುತ್ತಿದೆ, ಆದರೆ ಅಲ್ಲಿ ನೊರೆಯೂ ಇಲ್ಲ, ಸದ್ದೂ ಇಲ್ಲ ಎಂದರೆ ಅನುಮಾನಪಡಿ. ಬಂಡೆಯ ಬುಡ ಕೊರೆದು ಪೊಟರೆಯಾಗಿರುತ್ತದೆ, ನೀರು ಅದರಡಿ ನುಗ್ಗುತ್ತಿರುತ್ತದೆ. ಮೇಕೆದಾಟಿನ ಬಂಡೆಗಳನ್ನು ಕಾವೇರಿ ಹೇಗೆ ಕೊರೆದಿದ್ದಾಳೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಮೇಲೆ ಬಾಣದ ಆಕಾರ ಕಂಡರೆ ಮೊನೆ ಯಾವ ಕಡೆಗಿದೆ ನೋಡಿ: ಮೊನೆ ನಿಮ್ಮ ಕಡೆಗಿದ್ದರೆ ಅಲ್ಲೊಂದು ಬಂಡೆ ಅಡಗಿದೆ, ಕೆಳಹರಿವಿನ ಕಡೆಗಿದ್ದರೆ ಎರಡು ಬಂಡೆಗಳ ನಡುವಿನ ದಾರಿ ಅದು. ದೊಡ್ಡ ಬಂಡೆಯ ಬೆನ್ನಿಗೆ ನೀರು ತಿರುಗಿ ಮೇಲಕ್ಕೆ ಬರುವ ತಣ್ಣನೆ ಜಾಗವಿರುತ್ತದೆ, ಕಯಾಕಿನವರು ಎಡ್ಡಿ ಎನ್ನುತ್ತಾರೆ. ದಣಿವಾರಿಸಿಕೊಳ್ಳಲು, ಮುಂದಿನದನ್ನು ನೋಡಲು ಅದೇ ತಂಗುದಾಣ. ಒಂದು ಎಡ್ಡಿಯಿಂದ ಮುಂದಿನ ಎಡ್ಡಿ ಕಾಣುವಷ್ಟೇ ದೂರ ಸಾಗುವುದನ್ನು ರೂಢಿ ಮಾಡಿಕೊಳ್ಳಿ.

ದೋಣಿ ಅಡ್ಡಲಾಗಿ ಬಂಡೆಗೆ ಬಡಿಯಿತೆಂದರೆ ಮೈ ತಾನಾಗಿ ಬಂಡೆಯಿಂದ ದೂರಕ್ಕೆ ವಾಲುತ್ತದೆ. ಆಗ ಮೇಲ್ಹರಿವಿನ ಅಂಚು ತಗ್ಗಿ, ನೀರು ಒಳನುಗ್ಗಿ, ದೋಣಿ ಬಂಡೆಗೆ ಅಂಟಿಕೊಳ್ಳುತ್ತದೆ. ಬದಲಿಗೆ ಬಂಡೆಯ ಕಡೆಗೇ ವಾಲಿ, ಎರಡೂ ಕೈಯಿಂದ ಅದನ್ನು ತಬ್ಬಿ, ದೋಣಿಯನ್ನು ಸ್ವಲ್ಪ ಸ್ವಲ್ಪವೇ ಜಾರಿಸಿ ಬಿಡಿಸಿಕೊಳ್ಳಿ.

ಎಷ್ಟೇ ಜಾಣರಾದರೂ ದೋಣಿ ಒಂದಲ್ಲ ಒಂದು ದಿನ ಮಗುಚುತ್ತದೆ. ನಡುವಿಗೆ ರಬ್ಬರ್ ಮುಸುಕು ಬಿಗಿದ ಕಯಾಕ್ ಆದರೆ ತಲೆಕೆಳಗಾದಾಗ ಮುಸುಕಿನ ಮುಂದಿನ ಕುಣಿಕೆ ಎಳೆದು ಹೊರಬರುವುದನ್ನು ನಿಂತ ನೀರಲ್ಲಿ, ಕಣ್ಣು ಮುಚ್ಚಿಯೂ ಮಾಡುವಷ್ಟು ಅಭ್ಯಾಸ ಮಾಡಿ. ಆ ಕುಣಿಕೆ ಒಳಗೆ ಸಿಕ್ಕಿಕೊಂಡಿಲ್ಲ ಎಂದು ಪ್ರತಿ ಸಲವೂ ಮುಟ್ಟಿ ನೋಡಿ. ಹೊರಬಂದ ಮೇಲೆ ದೋಣಿಯ ಮೇಲ್ಹರಿವಿನ ಕಡೆಗಿರಿ. ಕೆಳಗೆ ಸಿಕ್ಕರೆ ನೀರು ತುಂಬಿದ ದೋಣಿಗೂ ಬಂಡೆಗೂ ನಡುವೆ ಅಪ್ಪಚ್ಚಿಯಾಗುತ್ತೀರಿ. ಅಂಗಾತ ಮಲಗಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಕಾಲುಗಳನ್ನು ಕೆಳಹರಿವಿನತ್ತ ಚಾಚಿ ತೇಲಿ. ಬಂಡೆ ಬಂದರೆ ಕಾಲು ಮೊದಲು ತಾಗುತ್ತದೆ, ತಲೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಹರಿಯುವ ನೀರಲ್ಲಿ ಎದ್ದು ನಿಲ್ಲಬೇಡಿ. ತಳದ ಕಲ್ಲುಗಳ ಸಂದಿಗೆ ಪಾದ ಸಿಕ್ಕಿದರೆ ಸೆಳೆತ ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ, ತಲೆ ನೀರೊಳಗೆ ಹೋಗುತ್ತದೆ, ಮತ್ತೆ ಏಳಲು ಬಿಡುವುದಿಲ್ಲ. ಇದಕ್ಕೆ ಆಳ ನೀರು ಬೇಕಾಗಿಲ್ಲ, ತೊಡೆಮಟ್ಟ ಸಾಕು. "ಇಲ್ಲಿ ಆಳವಿಲ್ಲ, ನಿಂತರಾಯಿತು" ಎಂಬುದೇ ಹೊಳೆಯಲ್ಲಿ ಮನಸ್ಸು ಹೇಳುವ ದೊಡ್ಡ ಸುಳ್ಳು. ಸೆಳೆತ ಸತ್ತ ಜಾಗಕ್ಕೆ ಈಜಿ, ಕೈ ತಳಕ್ಕೆ ತಾಗಿದ ಮೇಲೆ ಏಳಿ.

ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂಬುದನ್ನು ನಾನು ಹೇಳುತ್ತೇನೆ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಗೆಳೆಯನಿಗೆ ಹೇಳಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಜಾಕೆಟ್ ಜಾರಿ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ, ನೀರಲ್ಲಿ ಕಳಚಿಹೋಗುತ್ತದೆ. ಬಕಲ್ ಮುರಿದದ್ದು, ಬಟ್ಟೆ ಹರಿದು ಥರ್ಮಾಕೋಲ್ ಹೊರಬಂದದ್ದು ಕೊಟ್ಟರೆ ಮುಲಾಜಿಲ್ಲದೆ ವಾಪಸ್ ಮಾಡಿ. ಬಂಡೆಹೊಳೆಗೆ ಹೆಲ್ಮೆಟ್, ಕಾಲಿಗೆ ಕಟ್ಟಿದ ಬೂಟು, ಜಾಕೆಟ್ಟಿಗೆ ಸೀಟಿ. ಸೀರೆ, ದುಪಟ್ಟಾ, ಜೋತಾಡುವ ಕ್ಯಾಮೆರಾದ ಹಗ್ಗ ಯಾವುದೂ ಬೇಡ. ಕೊಂಬೆಗೆ ಸಿಕ್ಕಿಕೊಳ್ಳುವುದು ಇಂಥವೇ. ಮೂರು ಸೀಟಿ ಎಂದರೆ ಅಪಾಯ, ಒಂದು ಎಂದರೆ ಇತ್ತ ನೋಡಿ. ಹುಟ್ಟನ್ನು ನೆಟ್ಟಗೆ ಎತ್ತಿದರೆ ಬನ್ನಿ, ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲಿ. ಹೊಳೆಯ ಸದ್ದಿನಲ್ಲಿ ಕೂಗು ಕೇಳಿಸದು, ಈ ಸನ್ನೆಗಳನ್ನು ದಡದಲ್ಲೇ ಎಲ್ಲರೂ ಒಪ್ಪಿಕೊಂಡು ಹೊರಡಿ. ಇನ್ನೊಂದು ಮಾತು: ದಾಂಡೇಲಿಯ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ. ಎಲ್ಲಿ ಇಳಿಯಬಹುದು, ಎಲ್ಲಿ ಕಾಲೂ ಇಡಬಾರದು ಎಂಬುದು ಊರವರಿಗೆ ಗೊತ್ತು. ಅವರ ಮಾತೇ ಕೊನೆಯ ಮಾತು.

ಮುಳುಗುತ್ತಿರುವವರನ್ನು ಕಂಡ ಕೂಡಲೇ ಹಾರುವುದು ನಮ್ಮ ಜನರ ಒಳ್ಳೆಯತನ. ಒಬ್ಬರ ಜೊತೆ ಇಬ್ಬರು, ಮೂವರು ಹೋಗುವುದೂ ಅದರಿಂದಲೇ. ಕ್ರಮ ನೆನಪಿರಲಿ: ಮೊದಲು ದಡದಿಂದಲೇ ಹುಟ್ಟೋ ಬಿದಿರೋ ಚಾಚಿ; ಎಟುಕದಿದ್ದರೆ ಹಗ್ಗ ಎಸೆಯಿರಿ; ಅದೂ ಆಗದಿದ್ದರೆ ದೋಣಿಯಲ್ಲಿ ಹೋಗಿ; ನೀರಿಗೆ ಹಾರುವುದು ತರಬೇತಿ ಪಡೆದವರ ಕೆಲಸ. ಎಸೆಯುವ ಹಗ್ಗವನ್ನು ತುಂಬಿಟ್ಟ ಚೀಲಕ್ಕೆ ಥ್ರೋ ಬ್ಯಾಗ್ ಎನ್ನುತ್ತಾರೆ, ಅದರಲ್ಲಿ 15ರಿಂದ 20 ಮೀಟರ್ ಹಗ್ಗವಿರುತ್ತದೆ. ದಡದಲ್ಲಿ ಹತ್ತು ಸಲ ಎಸೆದು ಕೈ ಪಳಗಿಸಿಕೊಳ್ಳಿ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದಾಗಲಿ ಕೈಗೆ ಸುತ್ತಿಕೊಳ್ಳುವುದಾಗಲಿ ಬೇಡವೇ ಬೇಡ. ಮೇಲೆತ್ತಿದವರನ್ನು ತಲೆಯ ಮೇಲೆ ಹೊತ್ತು ಗರಗರ ತಿರುಗಿಸುವ, ಹೊಟ್ಟೆ ಅಮುಕಿ ನೀರು ಕಕ್ಕಿಸುವ ಹಳೆಯ ಪದ್ಧತಿಯನ್ನು ಬಿಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ಎಂಬಂತೆ ಮುಂದುವರಿಸಿ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ನಮ್ಮ ಕಾಡಿನ ಕಡೆ ಫೋನಿಗೆ ಸಿಗ್ನಲ್ ಎಲ್ಲೆಡೆ ಸಿಗದು. ಎಲ್ಲಿ ಇಳಿದು ಎಲ್ಲಿ ಹತ್ತುತ್ತೀರಿ, ಎಷ್ಟು ಗಂಟೆಗೆ ಎಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗುವುದು ಅದಕ್ಕೇ. ಮೂವರಿಗಿಂತ ಕಡಿಮೆ ಜನ ಹೊರಡಬೇಡಿ.

ಕಲಿಯುವುದಕ್ಕೆ ಅವಸರ ಬೇಡ. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಂಥ ಕಡೆ, ನಿಂತ ನೀರಲ್ಲಿ ಮೊದಲು ಹುಟ್ಟು ಹಾಕಿ. ಅಲ್ಲೂ ಮಧ್ಯಾಹ್ನದ ಗಾಳಿ ಏಳುತ್ತದೆ, ಮುಳುಗಿದ ಕಾಡಿನ ಬೊಡ್ಡೆಗಳು ನೀರಡಿ ಕಾಯುತ್ತವೆ. ಆದರೂ ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅಂಥ ಕಡೆ ಕ್ರಮವಾಗಿ ಕಲಿಯಿರಿ. ರಭಸದ ನೀರನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. ಆ ಅಂಕಿ ಬಂಡೆಯ ಮೇಲೆ ಕೆತ್ತಿದ್ದಲ್ಲ. ನೀರು ಏರಿದರೆ ನಿನ್ನೆಯ 2 ಇಂದು 4 ಆಗಬಹುದು.

ಇಷ್ಟೆಲ್ಲ ತಿಳಿದವರೂ ಹೊಳೆಪಾಲಾಗುವುದುಂಟು. ನೋಡಿದಾಗ ಬಹಳ ಸಲ ಕಾರಣ ಒಂದೇ: ದಡದಲ್ಲಿ ನಿಂತಾಗ ಯಾರಿಗೋ ಬೇಡವೆನಿಸಿತ್ತು, ಬಾಯಿ ಬಿಡಲಿಲ್ಲ. ಅಷ್ಟು ದೂರದಿಂದ ಬಂದಿದ್ದೇವೆ, ದುಡ್ಡು ಕಟ್ಟಿದ್ದೇವೆ, ರೀಲ್ಸ್ ಮಾಡಬೇಕು, ಪುಕ್ಕಲು ಎಂದಾರು. ಕುಡಿದವನನ್ನು ದೋಣಿಗೆ ಹತ್ತಿಸಬಾರದೆಂದು ಎಲ್ಲರಿಗೂ ಗೊತ್ತು, ಹೇಳುವವರಿಲ್ಲ. ರಾಫ್ಟ್‌ಗೆ ಇನ್ನಿಬ್ಬರನ್ನು ತುರುಕುವಾಗಲೂ ಹಾಗೆಯೇ. ಇದಕ್ಕೆ ಮದ್ದು ಸುಲಭ. ನಿಮ್ಮ ಗುಂಪಿಗೆ ಇಂದಿನಿಂದ ಒಂದು ಕಟ್ಟಳೆ ಮಾಡಿಕೊಳ್ಳಿ: ಇಳಿಯೋಣ ಎನ್ನಲು ಎಲ್ಲರೂ ಒಪ್ಪಬೇಕು, ಬೇಡ ಎನ್ನಲು ಒಬ್ಬರು ಸಾಕು. ಬೇಡ ಎಂದವರು ಕಾರಣ ಕೊಡಬೇಕಾಗಿಲ್ಲ, ಆಮೇಲೆ ಊಟದ ಹೊತ್ತಿಗೆ ಅವರನ್ನು ಯಾರೂ ಆಡಿಕೊಳ್ಳುವಂತಿಲ್ಲ. ಗುಂಪಿನ ಅತಿ ಕಿರಿಯಳಿಗೂ, ಮೊನ್ನೆ ತಾನೇ ಸೇರಿದವನಿಗೂ ಈ ಹಕ್ಕಿರಲಿ. ಈ ಕಟ್ಟಳೆಗೆ ಒಪ್ಪದ ಗುಂಪಿನ ಜೊತೆ, ಅವರೆಷ್ಟೇ ಆಪ್ತರಾಗಿರಲಿ, ಹೊಳೆಗೆ ಹೋಗಬೇಡಿ.